ಹಾಡನ್ನು ಬಿಟ್ಟುಕೊಡದ ಸನ್ಯಾಸಿನಿ



ಈ ಸಲ ನಾನು ಜರ್ಮನಿ ದೇಶದ ಹಿಲ್ಡೆಗಾರ್ಡ್ ಎಂಬ ಕ್ರೈಸ್ತ ಸನ್ಯಾಸಿನಿಯ ವಿಷಯ ಬರೆಯುತ್ತಿದ್ದೇನೆ. ಇವರು 1098ರಲ್ಲಿ ರೈನ್ ನದಿಯ ಸೀಮೆಯಲ್ಲಿ ಜನಿಸಿದರು. ತಂದೆತಾಯಿ ಇವರನ್ನು ಚಿಕ್ಕವರಿದ್ದಾಗಲೇ ದೇವರ ಸೇವೆಗೆ ಅಂತ ಕೊಟ್ಟುಬಿಟ್ಟರು. 1112ರಲ್ಲಿ ಮಠ ಸೇರಿದಾಗ ಇವರಿಗೆ 14 ವರ್ಷ. ಅಂದ್ರೆ ನಮಗಿಂತ ಒಂದೇ ವರ್ಷ ದೊಡ್ಡವರು! ಯುಟ್ಟಾ ಎಂಬ ಸನ್ಯಾಸಿನಿ ಇವರಿಗೆ ಓದು, ಪ್ರಾರ್ಥನೆ ಕಲಿಸಿದರು. 1136ರಲ್ಲಿ ಯುಟ್ಟಾ ತೀರಿಕೊಂಡ ಮೇಲೆ ಇವರೇ ಮುಖ್ಯಸ್ಥೆಯಾದರು. ಮುಂದೆ ಬಿಂಗೆನ್ ಊರಿನ ಹತ್ತಿರ ಬೇರೆ ಮಠವನ್ನೇ ಕಟ್ಟಿದರು.

ಇವರು ಗಿಡ, ಮರ, ಕಲ್ಲು, ಮೀನು, ಹಕ್ಕಿಗಳ ಮೇಲೆ ದೊಡ್ಡ ಪುಸ್ತಕ ಬರೆದಿದ್ದಾರೆ. ಅದರಲ್ಲಿ ಶುಂಠಿ, ಕಾಳುಮೆಣಸು ಕೂಡ ಇವೆ. ಆಗ ಯುರೋಪಿಗೆ ಕಾಳುಮೆಣಸು ಹೋಗುತ್ತಿದ್ದುದು ನಮ್ಮ ದೇಶದ ಪಶ್ಚಿಮ ಕರಾವಳಿಯಿಂದ. ಪುಸ್ತಕದಲ್ಲಿ ಒಂಟಿಕೊಂಬಿನ ಪ್ರಾಣಿಯೂ ಬರುತ್ತದೆ, ಅದೊಂದನ್ನು ನಂಬಬೇಡಿ. ತಾವೇ ಹೊಸ ಭಾಷೆ ಮಾಡಿ ಸುಮಾರು 1000 ಪದ, 23 ಅಕ್ಷರ ಕಟ್ಟಿದ್ದರು. ಯಾಕೆ ಮಾಡಿದರೋ, ನನಗಂತೂ ಇದೇ ಬಹಳ ಇಷ್ಟವಾಯಿತು.

ಆದರೆ ಇವರ ಪ್ರಾಣ ಇದ್ದದ್ದು ಹಾಡಿನಲ್ಲಿ. 70ಕ್ಕೂ ಹೆಚ್ಚು ಹಾಡು ರಚಿಸಿ ರಾಗ ಹಾಕಿದ್ದಾರೆ. ಒಂದು ಸಂಗೀತ ನಾಟಕವೂ ಇದೆ. ಅದರಲ್ಲಿ ಬೇರೆಯವರೆಲ್ಲ ಹಾಡುತ್ತಾರೆ, ಸೈತಾನ ಮಾತ್ರ ಹಾಡುವುದಿಲ್ಲ, ಬರೀ ಕಿರುಚುತ್ತಾನೆ. ಅವನಿಗೆ ಹಾಡು ಬರುವುದೇ ಇಲ್ಲ!

1178ರಲ್ಲಿ, ಇವರಿಗೆ 80 ವರ್ಷವಾದಾಗ, ಒಂದು ಕಷ್ಟ ಬಂತು. ಧರ್ಮದಿಂದ ಬಹಿಷ್ಕಾರ ಹಾಕಿಸಿಕೊಂಡಿದ್ದ ಒಬ್ಬನನ್ನು ಇವರ ಮಠದ ಜಾಗದಲ್ಲಿ ಹೂಳಿದ್ದರು. ಹೆಣವನ್ನು ಅಗೆದು ಹೊರಗೆ ಹಾಕಿ ಅಂತ ಮೈಂಜ್ ಪಟ್ಟಣದ ಧರ್ಮಾಧಿಕಾರಿಗಳು ಆಜ್ಞೆ ಮಾಡಿದರು. ಅವನು ಸಾಯುವ ಮೊದಲೇ ಧರ್ಮದೊಂದಿಗೆ ರಾಜಿಯಾಗಿದ್ದ, ಅಗೆಯುವುದಿಲ್ಲ ಅಂದರು ಹಿಲ್ಡೆಗಾರ್ಡ್. ಗುರುತು ಸಿಗದಂತೆ ಗೋರಿಯನ್ನೇ ಕೋಲಿನಿಂದ ಅಳಿಸಿಬಿಟ್ಟರು ಅಂತಲೂ ಹೇಳುತ್ತಾರೆ. ಅದಕ್ಕೆ ಶಿಕ್ಷೆ ಏನು ಗೊತ್ತೇ? ಮಠದಲ್ಲಿ ಯಾರೂ ಹಾಡಕೂಡದು. ಬಾಗಿಲು ಹಾಕಿಕೊಂಡು ಪ್ರಾರ್ಥನೆಯನ್ನು ಮೆಲ್ಲಗೆ ಓದಬೇಕು ಅಷ್ಟೆ.

ಹಾಡೇ ಉಸಿರಾದವರಿಗೆ ಇದೆಂಥಾ ಶಿಕ್ಷೆ! ಆದರೂ ಅವರು ಹೆಣ ಅಗೆಸಲಿಲ್ಲ. ದೇವರ ಹಾಡನ್ನು ಕೆಡಿಸಲು ಹೊಂಚು ಹಾಕುವವನು ಸೈತಾನ, ತಕ್ಕ ಕಾರಣವಿಲ್ಲದೆ ಹಾಡು ನಿಲ್ಲಿಸುವವರು ಎಚ್ಚರವಾಗಿರಬೇಕು ಎಂಬ ಅರ್ಥದಲ್ಲಿ ಅವರಿಗೇ ಪತ್ರ ಬರೆದರು. ಕಡೆಗೆ 1179ರ ಮಾರ್ಚಿಯಲ್ಲಿ ಶಿಕ್ಷೆ ತೆಗೆದರು. ಮಠದಲ್ಲಿ ಮತ್ತೆ ಹಾಡಿದರು. ಅದೇ ವರ್ಷ ಸೆಪ್ಟೆಂಬರ್ 17ರಂದು ಹಿಲ್ಡೆಗಾರ್ಡ್ ತೀರಿಕೊಂಡರು.

2012ರಲ್ಲಿ ಪೋಪ್ ಇವರಿಗೆ ಧರ್ಮಸಭೆಯ ಮಹಾಗುರು ಎಂಬ ಪದವಿ ಕೊಟ್ಟರು. ಆ ಪದವಿ ಪಡೆದ ಹೆಂಗಸರಲ್ಲಿ ಇವರು ನಾಲ್ಕನೆಯವರು.

ಇವರ ಮೊದಲ ಗ್ರಂಥದ ಒಂದು ಹಳೆಯ ಚಿತ್ರಪ್ರತಿ 1945ರಲ್ಲಿ ಯುದ್ಧದ ಗದ್ದಲದಲ್ಲಿ ಕಾಣೆಯಾಯಿತು. ಪುಣ್ಯಕ್ಕೆ ಅದಕ್ಕೆ ಮೊದಲೇ ಐಬಿಂಗೆನ್ ಮಠದ ಸನ್ಯಾಸಿನಿಯರು ಕೂತು ಅದನ್ನು ಚಿತ್ರದ ಸಮೇತ ಕೈಯಲ್ಲೇ ನಕಲು ಮಾಡಿದ್ದರು, ಅದೂ ವರ್ಷಗಟ್ಟಲೆ. ಆ ಚಿತ್ರಗಳ ಬಣ್ಣ ಹೇಗಿತ್ತು ಅಂತ ಈಗ ತಿಳಿಯುವುದು ಆ ನಕಲಿನಿಂದಲೇ.