ಗಾಯವಾದ ಮೇಲೆ ಪರಿಹಾರ ಕೇಳಲು ಎಷ್ಟು ಕಾಲಾವಕಾಶ?

ಗದಗ ಜಿಲ್ಲೆಯ ಸಿಂಗಟಾಲೂರಿನ ವೀರಭದ್ರೇಶ್ವರನ ದರ್ಶನಕ್ಕೆ ಟ್ರ್ಯಾಕ್ಟರ್, ಟಂಟಂ, ಬೈಕುಗಳಲ್ಲಿ ಜನ ಬರುತ್ತಾರೆ. ಮುಂಡರಗಿ ಸೀಮೆಯ ಎಷ್ಟೋ ಮಂದಿ ಗೋವಾ, ಮಂಗಳೂರಿಗೆ ದುಡಿಯಲು ಹೋಗುತ್ತಾರೆ. ದಾರಿಯಲ್ಲಿ ಅಪಘಾತವಾದರೆ ಮನೆಯವರ ಜೀವವೆಲ್ಲ ಆಸ್ಪತ್ರೆಯಲ್ಲೇ ಇರುತ್ತದೆ. ಕಾನೂನಿನ ಗಡುವು ಮಾತ್ರ ಅದೇ ದಿನದಿಂದ ಓಡತೊಡಗಿರುತ್ತದೆ.

ರಸ್ತೆ ಅಪಘಾತದ ಪರಿಹಾರದ ಅರ್ಜಿಗೆ ಆರು ತಿಂಗಳ ಮಿತಿಯಿದೆ. 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಲ್ಲಿದ್ದ ಈ ಮಿತಿಯನ್ನು 1994ರ ತಿದ್ದುಪಡಿ ತೆಗೆದುಹಾಕಿತ್ತು. 2019ರ ತಿದ್ದುಪಡಿ ಅದನ್ನು ಮರಳಿ ತಂದಿತು, 2022ರ ಏಪ್ರಿಲ್ 1ರಿಂದ ಜಾರಿಯಾಯಿತು. ನೊಂದವರಿಗೆ ಇದು ಅನ್ಯಾಯವೇ: ಮೂಳೆ ಮುರಿದವರು ಎದ್ದು ಓಡಾಡಲಿಕ್ಕೇ ಆರು ತಿಂಗಳು ಬೇಕು. ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮುಂದೆ ಬಂದಾಗ, ತಡವಾಯಿತೆಂಬ ಕಾರಣಕ್ಕೆ ಅರ್ಜಿ ವಜಾ ಮಾಡಬಾರದೆಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವಾಯಿತು. ಹೀಗಾಗಿ ಗಡುವು ಮೀರಿದವರು ಕೈಚೆಲ್ಲಿ ಕೂರಬೇಕಿಲ್ಲ, ವಕೀಲರನ್ನು ಕಾಣಬೇಕು. ಆದರೆ ಮಧ್ಯಂತರ ಆದೇಶವನ್ನೇ ನಂಬಿ ಯಾರೂ ಕಾಯಬಾರದು.

ಮೊದಲ ಕೆಲಸ ಪೊಲೀಸ್ ದೂರು. ಊರ ಹಿರಿಯರ ಮುಂದೆ ರಾಜಿಯಾಗಿ, ಎಫ್‌ಐಆರ್ ಇಲ್ಲದೆ ಮನೆಗೆ ಹೋದವರೇ ಮುಂದೆ ಹೆಚ್ಚು ಕಷ್ಟಪಡುತ್ತಾರೆ. ಅಪಘಾತದ ಗಾಯವೆಂದು ಆಸ್ಪತ್ರೆಯ ದಾಖಲೆಯಲ್ಲಿ ಬರೆಸಬೇಕು. ಔಷಧದ ಬಿಲ್ಲು, ಡಿಸ್ಚಾರ್ಜ್ ಚೀಟಿ, ಕೂಲಿಯ ಪುರಾವೆ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡಬೇಕು.

ಎರಡನೆಯದಾಗಿ, ಠಾಣೆಯಲ್ಲಿ ವಿಚಾರಿಸಬೇಕು. ಮೂರು ತಿಂಗಳೊಳಗೆ ಅಪಘಾತದ ವರದಿಯನ್ನು ಪೊಲೀಸರು ಪರಿಹಾರ ನ್ಯಾಯಮಂಡಳಿಗೆ ಕಳಿಸಬೇಕು, ಆ ವರದಿಯನ್ನೇ ಮಂಡಳಿ ಅರ್ಜಿಯೆಂದು ಪರಿಗಣಿಸಬೇಕು ಎನ್ನುತ್ತದೆ ಕಾಯ್ದೆ. ಇದನ್ನು ಕಟ್ಟುನಿಟ್ಟಾಗಿ ಪಾಲಿಸಲು ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ನಿರ್ದೇಶನ ನೀಡಿದೆ. ಹಾಗಿದ್ದರೂ ಸ್ವಂತ ಅರ್ಜಿ ಹಾಕುವುದೇ ಕ್ಷೇಮ. ಅಪಘಾತ ಗೋವಾದಲ್ಲಾಗಿದ್ದರೂ ವಾಸದ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಈ ಸೌಲಭ್ಯ ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಗುದ್ದಿ ಪರಾರಿಯಾದ ವಾಹನ ಪತ್ತೆಯಾಗದಿದ್ದರೆ ದಾರಿ ಬೇರೆ. 2022ರ ಯೋಜನೆಯಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಸಿಗುತ್ತದೆ. ಇದಕ್ಕೆ ಕಂದಾಯ ಅಧಿಕಾರಿಗಳಿಗೆ ಅರ್ಜಿ ಕೊಡಬೇಕು.

ಕೆಲಸದ ಜಾಗದಲ್ಲಿ ಗಾಯವಾದರೆ, 1923ರ ನೌಕರರ ಪರಿಹಾರ ಕಾಯ್ದೆಯ ಬದಲಿಗೆ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಡಿ ಎರಡು ವರ್ಷ ಅವಕಾಶವಿದೆ. ವೈದ್ಯರ ನಿರ್ಲಕ್ಷ್ಯಕ್ಕೆ ಗ್ರಾಹಕರ ಆಯೋಗದಲ್ಲೂ ಎರಡೇ ವರ್ಷ. ರೈಲು ಅಪಘಾತಕ್ಕೆ ಒಂದೇ ವರ್ಷ. ತಡಕ್ಕೆ ತಕ್ಕ ಕಾರಣ ತೋರಿಸಿದರೆ ಈ ಮೂರರಲ್ಲೂ ವಿಳಂಬವನ್ನು ಮನ್ನಿಸುವ ಅಧಿಕಾರವಿದೆ. ಬೇರೆಯವರ ತಪ್ಪಿನಿಂದ ಸತ್ತವರ ವಾರಸುದಾರರು 1855ರ ಮಾರಕ ಅಪಘಾತ ಕಾಯ್ದೆಯಡಿ ಸಿವಿಲ್ ದಾವೆ ಹೂಡುವುದಾದರೆ, ಸಾವಿನ ದಿನದಿಂದ ಎರಡು ವರ್ಷದೊಳಗೆ ಹೂಡಬೇಕು.

ವಕೀಲರಿಗೆ ಕೊಡಲು ಹಣವಿಲ್ಲವೆಂದು ದಿನ ದೂಡಬೇಡಿ. ಮಹಿಳೆಯರು, ಪರಿಶಿಷ್ಟರು, ಅಂಗವಿಕಲರು ಉಚಿತ ಕಾನೂನು ನೆರವಿಗೆ ಅರ್ಹರು. ಗದಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ.