ಹಸುಳೆಯ ಉಸಿರು ಮತ್ತು ಸಮಾಲೋಚನೆಯ ಹೊಣೆ

ಮಗುವಿಗೆ ಎದೆಹಾಲು ಬಿಡಿಸುವುದನ್ನು ಕೂಡ ತಂದೆತಾಯಿಗಳ ಪರಸ್ಪರ ಒಪ್ಪಿಗೆ ಮತ್ತು ಸಮಾಲೋಚನೆಗೆ ಪವಿತ್ರ ಕುರ್‌ಆನ್ ಒಪ್ಪಿಸಿದೆ (ಅಲ್‌ಬಕರಃ: 233). ಹಾಲು ಬಿಡಿಸಲಿಕ್ಕೇ ಸಮಾಲೋಚನೆ ಬೇಕಾದರೆ, ಉಸಿರಾಟದ ಯಂತ್ರದಲ್ಲಿರುವ ಹಸುಳೆಯ ವಿಷಯದಲ್ಲಿ ಅದು ಎಷ್ಟು ಬೇಕು! ಸ್ವಲ್ಪ ಆಲೋಚಿಸಿರಿ.

ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಲ್ಲಿ ದಿನ ತುಂಬದೆ ಹುಟ್ಟಿದ ಅಥವಾ ಹುಟ್ಟಿದೊಡನೆ ಅಳದ ಮಗುವನ್ನು ಬೆಳಗಾವಿಗೋ ಹುಬ್ಬಳ್ಳಿಗೋ ಒಯ್ಯಬೇಕಾಗುತ್ತದೆ. ಕಿತ್ತೂರಿನವರು ಧಾರವಾಡದ ದಾರಿ ಹಿಡಿಯುತ್ತಾರೆ. ತಂದೆ, ಸೋದರಮಾವ ಜೊತೆಗೆ ಹೋಗುತ್ತಾರೆ. ಹಸಿ ಬಾಣಂತಿ ಊರಲ್ಲೇ ಉಳಿಯುತ್ತಾಳೆ. ವೈದ್ಯರು ಮಾತಿಗೆ ಕರೆದಾಗ ಒಂಬತ್ತು ತಿಂಗಳು ಹೊತ್ತವಳೇ ಅಲ್ಲಿರುವುದಿಲ್ಲ.

ವೈದ್ಯರು ಹೇಗೆ ತೀರ್ಮಾನಿಸುತ್ತಾರೆ?

ಒಬ್ಬರೇ ವೈದ್ಯರು ತೀರ್ಮಾನಿಸುವ ವಿಷಯ ಇದಲ್ಲ. ಮಕ್ಕಳ ತಜ್ಞರು, ಹಗಲಿರುಳು ನೋಡುವ ವೈದ್ಯರು, ದಾದಿಯರು ಕೂಡಿ ಚರ್ಚಿಸಬೇಕು, ಮಿದುಳಿನ ಸ್ಕ್ಯಾನ್ ಮುಂತಾದ ಪರೀಕ್ಷೆಗಳನ್ನು ನೋಡಬೇಕು, ಸಂಶಯವಿದ್ದರೆ ಕಾಯಬೇಕು. ಬಳಿಕ ಮನೆಯವರನ್ನು ಕೂರಿಸಿ ತಿಳಿಸಬೇಕು.

ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ತೀರ್ಪಿತ್ತು, 2023ರಲ್ಲಿ ಸರಳಗೊಳಿಸಿದ ಕ್ರಮ ಹೀಗಿದೆ: ಗುಣವಾಗುವ ಆಸೆಯೇ ಇಲ್ಲದ, ತಾನೇ ನಿರ್ಧರಿಸಲಾಗದ ರೋಗಿಯ ಯಂತ್ರ ನಿಲ್ಲಿಸಲು ಮೊದಲು ಮೂವರು ವೈದ್ಯರ ಮಂಡಳಿ ಒಪ್ಪಬೇಕು. ಅನಂತರ ಬೇರೆ ಮೂವರ ಎರಡನೆಯ ಮಂಡಳಿಯೂ ಒಪ್ಪಬೇಕು. ಮನೆಯವರ ಸಮ್ಮತಿ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಇದನ್ನು ಜಾರಿಗೊಳಿಸಲು ಕರ್ನಾಟಕ ಸರಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು.

ಶರೀಅತ್ತಿನ ದೃಷ್ಟಿ

ಸೌದಿ ಅರೇಬಿಯಾದ ವಿದ್ವಾಂಸರ ಸ್ಥಾಯೀ ಸಮಿತಿ ಹಿಜ್ರಿ 1409ರಲ್ಲಿ ಕೊಟ್ಟ ಫತ್ವಾದಲ್ಲೂ ಮೂವರು ಪರಿಣತ, ನಂಬಿಗಸ್ತ ವೈದ್ಯರ ಒಮ್ಮತವನ್ನೇ ಕೇಳಲಾಗಿದೆ. ಪ್ರಯೋಜನವಿಲ್ಲದ ಯಂತ್ರವನ್ನು ನಿಲ್ಲಿಸುವುದು ಬೇರೆ, ಮದ್ದು ಚುಚ್ಚಿ ಜೀವ ತೆಗೆಯುವುದು ಬೇರೆ. ಎರಡನೆಯದು ಹರಾಮ್, ದೇಶದ ಕಾನೂನಿನಲ್ಲೂ ಅಪರಾಧ. ಯಂತ್ರ ನಿಂತರೂ ಆರೈಕೆ ನಿಲ್ಲಬಾರದು. ಮಗು ಬೆಚ್ಚಗಿರಬೇಕು, ನೋವಿಲ್ಲದಿರಬೇಕು, ಸಾಧ್ಯವಾದರೆ ತಾಯಿಯ ಮಡಿಲಲ್ಲಿರಬೇಕು.

ಆದರೆ ಗುಣವಾಗಬಲ್ಲ ಮಗುವನ್ನು ಖರ್ಚಿಗೆ ಅಂಜಿ, ಇಲ್ಲವೇ ಹೆಣ್ಣೆಂಬ ಕಾರಣಕ್ಕೆ ಮನೆಗೆ ತರುವುದು ಸಮಾಲೋಚನೆಯಲ್ಲ. ಬಡತನಕ್ಕೆ ಅಂಜಿ ಮಕ್ಕಳನ್ನು ಕೊಲ್ಲುವುದನ್ನು ಕುರ್‌ಆನ್ ಮಹಾಪಾಪವೆಂದಿದೆ (ಬನೀ ಇಸ್ರಾಈಲ್: 31). ಸರಕಾರಿ ಆಸ್ಪತ್ರೆಗಳಲ್ಲಿ ಒಂದು ವರ್ಷದೊಳಗಿನ ಮಕ್ಕಳಿಗೆ ಉಚಿತ ಚಿಕಿತ್ಸೆಯ ಯೋಜನೆಯಿದೆ, ವಿಚಾರಿಸಿರಿ.

ನಮ್ಮ ಕರ್ತವ್ಯ

ಸಹಿ ಹಾಕುವ ಮುನ್ನ ಕೇಳಿರಿ: ಗುಣವಾಗುವ ಸಂಭವ ಎಷ್ಟು? ಎಷ್ಟು ವೈದ್ಯರು ನೋಡಿದ್ದಾರೆ? ಇನ್ನೆರಡು ದಿನ ಕಾದರೆ ಏನಾಗಬಹುದು? ತಾಯಿಗೆ ಆಘಾತವಾದೀತೆಂದು ವಿಷಯ ಮುಚ್ಚಿಡಬೇಡಿರಿ. ಅವಳನ್ನು ಕರೆತನ್ನಿರಿ, ಆಗದಿದ್ದರೆ ಫೋನಿನಲ್ಲಾದರೂ ವೈದ್ಯರೊಡನೆ ಮಾತಾಡಿಸಿರಿ. ಆಮೇಲೆ ತಿಳಿದಾಗ ಆಗುವ ಗಾಯ ಬೇಗ ಮಾಯುವುದಿಲ್ಲ.

ಮಗು ತೀರಿಕೊಂಡರೆ, ಒಂದೇ ಗಳಿಗೆ ಬದುಕಿದ್ದರೂ ಅದಕ್ಕೆ ಹೆಸರು, ಗುಸ್ಲ್, ಕಫನ್, ಜನಾಝಾ ನಮಾಝಿನ ಹಕ್ಕಿದೆ. ಹಸುಳೆ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿವರ್ಯರೇ(ಸ) ಕಣ್ಣೀರಿಟ್ಟರು. ಆದ್ದರಿಂದ ಅಳುವ ತಾಯಿಯನ್ನು ಗದರಿಸಬೇಡಿರಿ. ಅಲ್ಲಾಹನು ಇಂಥ ತಂದೆತಾಯಿಗಳಿಗೆ ಸಹನೆಯನ್ನೂ ನಮಗೆಲ್ಲ ವಿವೇಕವನ್ನೂ ಕರುಣಿಸಲಿ. ಆಮೀನ್.