ನಿವೇಶನ ವ್ಯವಹಾರದಲ್ಲಿ ಮೌನವೂ ವಂಚನೆಯೇ

ನೆಲಮಂಗಲ, ಹೊಸಕೋಟೆಯಂತಹ ಬೆಂಗಳೂರಿನ ಹೊರವಲಯಗಳಲ್ಲಿ ಒಂದು ನಿವೇಶನಕ್ಕಾಗಿ ಜನರು ಜೀವಮಾನದ ಉಳಿತಾಯವನ್ನೇ ಸುರಿಯುತ್ತಾರೆ. ಎಷ್ಟೋ ಸಲ ಮಡದಿಯ ಒಡವೆಯೂ ಅದರಲ್ಲಿ ಸೇರಿರುತ್ತದೆ. ಆ ಹಣ ಪಡೆಯುವವನು ಜಮೀನಿನ ದೋಷ ತಿಳಿದೂ ಬಾಯಿ ಮುಚ್ಚಿಕೊಂಡರೆ ಅದನ್ನು ಜಾಣತನವೆನ್ನಬಹುದೇ?

‘ನಾನು ಸುಳ್ಳು ಹೇಳಲಿಲ್ಲ, ಅವರು ಕೇಳಲಿಲ್ಲ’ ಎಂದು ಕೆಲವರು ಸಮಾಧಾನ ಪಟ್ಟುಕೊಳ್ಳುತ್ತಾರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು ಇದನ್ನು ಒಪ್ಪುವುದಿಲ್ಲ. ತನಗೆ ತಿಳಿದಿರುವ, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ಮುಖ್ಯ ದೋಷವನ್ನು ಮಾರುವವನು ತಾನಾಗಿಯೇ ತಿಳಿಸಬೇಕು. ಮುಚ್ಚಿಟ್ಟರೆ ಅದು ವಂಚನೆ. ಕೊಳ್ಳುವವನಿಗೂ ಇಂತಹದೇ ಹೊಣೆಯಿದೆ. ತನ್ನ ಹಕ್ಕು ಎಷ್ಟೆಂದು ಅರಿಯದ ವಿಧವೆಯೊಬ್ಬಳಿಂದ, ಅದನ್ನು ಅರಿತವನು ಅಗ್ಗದ ಬೆಲೆಗೆ ಬರೆಸಿಕೊಳ್ಳುವುದು ನ್ಯಾಯವಾದ ವ್ಯಾಪಾರವಲ್ಲ.

ಹಾಗೆಂದು ಬರಿಯ ನಂಬಿಕೆ ಸಾಲದು. ಮುಂಗಡ ಕೊಡುವ ಮುನ್ನ ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ ಪಡೆಯಿರಿ. ಮೊದಲು ಕೃಷಿಭೂಮಿಯಾಗಿದ್ದರೆ ಭೂಪರಿವರ್ತನೆಯ ಆದೇಶವನ್ನೂ ಬಡಾವಣೆಯ ಮಂಜೂರಾದ ನಕ್ಷೆಯನ್ನೂ ನೋಡಿರಿ. ಅಧಿಕಾರ ಪತ್ರದ ಮೂಲಕ ನಡೆಯುವ ಮಾರಾಟದಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟಪಡಿಸಿದೆ. ನೋಂದಾಯಿತ ಕ್ರಯಪತ್ರವೇ ಬೇಕು.

ಆದರೂ ಋಣಭಾರ ಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ನಡೆಯುತ್ತಿರುವ ದಾವೆ, ತಂಗಿಗೆ ಸೇರಬೇಕಾದ ಪಾಲು, ಮಳೆಗಾಲದಲ್ಲಿ ನುಗ್ಗುವ ನೀರು ಅದರಲ್ಲಿ ಕಾಣದಿರಬಹುದು. ಇವನ್ನು ಬಲ್ಲವನು ಮಾರುವವನೇ. ಬೆಲೆ ಸ್ವಲ್ಪ ಇಳಿದರೂ ಸರಿ, ಅವನು ಹೇಳಿಯೇ ಮಾರಲಿ. ನಾಳೆ ಆ ಮನೆಯಲ್ಲಿ ಒಂದು ಕುಟುಂಬ ನೆಮ್ಮದಿಯಿಂದ ಮಲಗಬೇಕಲ್ಲವೇ?